ಮಾರಮ್ಮನೋ ಮಾತ್ರೆಯೋ

ಎಮರಾಲ್ಡ್, ನೀಲಗಿರಿ
3 ಜೂನ್ 2024

ಅವ್ವ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಕಾಗದ ಬರೆಯುತ್ತಿದ್ದೇನೆ. ನಾನು ‘ಮಾತ್ರೆ’ ಅಂದ ಕೂಡಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. “ಹಲೋ, ಹಲೋ, ಏನೂ ಕೇಳುಸ್ತಿಲ್ಲ ಕನವ್ವ” ಅನ್ನುತ್ತೀಯ. ನನಗೆ ಮಾತ್ರ ನಿನ್ನ ಬಾಣಲೆಯಲ್ಲಿ ಬೋಂಡ ಬೇಯುವ ಸದ್ದೂ ಕೇಳಿಸುತ್ತಿರುತ್ತದೆ. ಕಾಗದವನ್ನು ನೀನು ಅರ್ಧಕ್ಕೆ ಕಟ್ ಮಾಡಲಾರೆ. ಗುಂಡ್ಲುಪೇಟೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ಅಂತ ಮಸಿನಗುಡಿ ಬಸ್‌ಸ್ಟ್ಯಾಂಡಿಗೆಲ್ಲ ಹೇಳಿಕೊಳ್ಳುತ್ತೀಯಲ್ಲ, ಕೂತು ಪೂರ್ತಿ ಓದು.

ನಿನ್ನೆ ನಿರಂಜನ್ ಫೋನ್ ಮಾಡಿದ್ದ. ನಿನಗೆ ಮತ್ತೆ ಮೈಯೆಲ್ಲ ದದ್ದು ಎದ್ದಿತ್ತಂತೆ. ತುಟಿ ಊದಿ ಮಾತೇ ಹೊರಡುತ್ತಿರಲಿಲ್ಲವಂತೆ. ಹಲ್ಲುನೋವಿಗೆ ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದ ಸಂಜೆಯೇ ಹೀಗಾಯಿತಂತೆ. ನನ್ನ ತಮ್ಮ ಜೀಪು ಓಡಿಸುವುದರಲ್ಲಿ ಜಾಣ, ಉಳಿದದ್ದರಲ್ಲಿ ಅಷ್ಟಕ್ಕಷ್ಟೆ. “ಅವ್ವಂಗೆ ಸೆಕೆ ಜಾಸ್ತಿ ಆಗಿತ್ತು ಕನಕ್ಕ” ಅಂದ. ಜೂನ್ ತಿಂಗಳಲ್ಲಿ ಯಾವ ಸೆಕೆ?

ಏಪ್ರಿಲ್‌ನಲ್ಲಿ ಏನಾಯಿತು ನೆನಪು ಮಾಡಿಕೊ. ಸೌದೆ ಎಳೆಯುವಾಗ ಲಂಟಾನ ಮುಳ್ಳು ಕಾಲಿಗೆ ಚುಚ್ಚಿ ಕೀವಾಯಿತು. ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ವಾರ ತುಂಬುವುದರೊಳಗೆ ಎದೆ, ಬೆನ್ನು ಎಲ್ಲ ಕೆಂಪಗೆ ಎದ್ದು ಜ್ವರ ಬಂತು. ನೀನು ಮಾರಮ್ಮ ಬಂದಳು ಅಂದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿದೆ. ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ ಅಂತ ಬೋಂಡದ ಅಂಗಡಿಯನ್ನೇ ಮುಚ್ಚಿಸಿದೆ. ದೇವಿ ಬಂದಾಗ ಔಷಧ ಕೊಡಬಾರದು ಅಂತ ಮಾತ್ರೆಯನ್ನೂ ನಿಲ್ಲಿಸಿದೆ. ದದ್ದು ಇಳಿಯಿತು. ಆಗ ಬಿಸಿಲು ಕಾಲ, ನಾನೂ ನಂಬಿದೆ, ಇಲ್ಲಿಂದಲೇ ಕೈ ಮುಗಿದೆ.

ಈಗ ಎರಡು ತಿಂಗಳಿಗೆ ಮತ್ತೆ ಅದೇ. ಎರಡು ತಿಂಗಳಿಗೊಮ್ಮೆ ಬರಲು ಮಾರಮ್ಮನೇನು ನಮ್ಮ ತಮಿಳುನಾಡಿನ ಕರೆಂಟ್ ಬಿಲ್ಲೇ? ದದ್ದು ಇಳಿದದ್ದು ಬೇವಿನಿಂದಲ್ಲ ಅವ್ವ, ಮಾತ್ರೆ ನಿಲ್ಲಿಸಿದ್ದರಿಂದ. ಆ ಮಾತ್ರೆ ನಿನ್ನ ಮೈಗೆ ಆಗುವುದಿಲ್ಲ. ಇಪ್ಪತ್ತನಾಲ್ಕಕ್ಕೆ ಊಟಿಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಇದೆ. ಕತ್ತರಿ ಹಾಕುವ ಮೊದಲು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟೇ ಕೊಡುತ್ತಾರೆ. ಈ ಎರಡು ಸಲದ ಕಥೆಯನ್ನು ಡಾಕ್ಟರಿಗೆ ನೀನು ಹೇಳಲೇಬೇಕು. ನಾನು ಕೇಳುತ್ತಿರುವುದು ಅಷ್ಟೇ.

ನಾನೇ ಬಂದು ಹೇಳಬಹುದಿತ್ತು. ಆದರೆ ನಿರಂಜನ್ ತೇನ್ಮೊಳಿಯನ್ನು ಮದುವೆಯಾಗಿ ಮೂರು ವರ್ಷವಾದರೂ ಅವಳು ನಮ್ಮ ಜನ ಅಲ್ಲ ಅಂತ ಅವಳಿಗೊಂದು ಒಲೆ, ನಿನಗೊಂದು ಒಲೆ ಹೂಡಿಕೊಂಡಿದ್ದೀಯಲ್ಲ, ಆ ಮನೆಗೆ ನಾನು ಕಾಲಿಡುವುದಿಲ್ಲ ಅಂದವಳು ಅಂದವಳೇ.

ರೂಪಶ್ರೀ


ಮಸಿನಗುಡಿ
8 ಜೂನ್ 2024

ರೂಪಶ್ರೀಗೆ,

ನಿನ್ನ ಕಾಗದ ಓದಿದ ಮೇಲೆ ಆಶೀರ್ವಾದ ಮಾಡಬೇಕೋ ಬೇಡವೋ ತಿಳಿಯಲಿಲ್ಲ. ಮಾಡಿದ್ದೇನೆ, ಇಟ್ಟುಕೊ.

ಹೆತ್ತ ತಾಯಿಗೆ ಈ ಥರ ಬರೆಯಲು ಎಲ್ಲಿ ಕಲಿತೆ? ದೇವಿಯನ್ನು ಕರೆಂಟ್ ಬಿಲ್ಲಿಗೆ ಹೋಲಿಸುತ್ತೀಯಲ್ಲ, ನಾಲಿಗೆಗೆ ಮೂಳೆ ಇಲ್ಲ ಅಂತ ಹೇಗೆ ಬೇಕಾದರೂ ತಿರುಗಿಸುವುದೇ? ಓದಿದ ತಕ್ಷಣ ಕೆನ್ನೆ ಬಡಿದುಕೊಂಡೆ, ನಿನ್ನ ಪರವಾಗಿಯೂ.

ಏಪ್ರಿಲ್‌ನಲ್ಲಿ ಬಂದವಳು ಮಾರಮ್ಮನೇ. ಬೀದಿಯ ಹೆಂಗಸರೆಲ್ಲ ನೋಡಿದ್ದಾರೆ. ತಂಪು ಮಾಡಿ, ತಲೆಗೆ ನೀರು ಹಾಕಿಕೊಂಡು, ಗುಡಿಗೆ ಮೊಸರನ್ನ ಕೊಟ್ಟು ಬಂದದ್ದೂ ಆಗಿದೆ. ಮೊನ್ನೆ ಆದದ್ದು ಬೇರೆ. ಅದು ಮೈ ಉಷ್ಣ. ಎಣ್ಣೆಯ ಮುಂದೆ ದಿನವೆಲ್ಲ ನಿಲ್ಲುವವಳು ನಾನು, ನೀನಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕಬೇಡ. ಡಾಕ್ಟರಿಗೆ ಹೇಳುವಂಥದ್ದು ಏನೂ ಇಲ್ಲ.

ಊಟಿಗೆ ಬರುವ ಗಾಡಿಗಳಿಗೆ ಇ-ಪಾಸ್ ಕಡ್ಡಾಯ ಆದ ಮೇಲೆ ಟೂರಿಸ್ಟುಗಳು ಕಡಿಮೆ. ಜೀಪಿನವರು ಒಂದು ಟೀ ಹೇಳಿ ಮಧ್ಯಾಹ್ನದವರೆಗೆ ಬೆಂಚು ಬಿಸಿ ಮಾಡುತ್ತಾರೆ. ಹೋದ ವಾರ ಆನೆ ಬಂದು ಹಿತ್ತಲಿನ ಬಾಳೆ ಮುರಿದು ಹಾಕಿತು. ನನಗೆ ಇಷ್ಟೆಲ್ಲ ತಲೆನೋವು ಇರುವಾಗ ನಿನ್ನದೊಂದು.

ಆಪರೇಷನ್ ದಿನ ಗುರುಮಲ್ಲಪ್ಪ ಭಾವ ಗುಂಡ್ಲುಪೇಟೆಯಿಂದ ಬರುತ್ತಾರೆ. ನಿನ್ನ ಅಪ್ಪ ಹೋದ ಮೇಲೆ ನಮ್ಮ ಕುಲಕ್ಕೆ ಹಿರಿಯರು ಅಂದರೆ ಅವರೇ. ಅವರು ಇದ್ದರೆ ನನಗೆ ಧೈರ್ಯ. ನೀನು ನಿನ್ನ ಕ್ಯಾರೆಟ್ ಮಂಡಿಯ ಲೆಕ್ಕ, ಮಕ್ಕಳ ಶಾಲೆ ನೋಡಿಕೊ.

ಅವ್ವ


ಎಮರಾಲ್ಡ್
12 ಜೂನ್ 2024

ಅವ್ವ,

ಅಯ್ಯೋ ದೇವರೇ, ನಿನ್ನ ಜೊತೆ ಗುದ್ದಾಡುವುದಕ್ಕಿಂತ ಈ ಎಮರಾಲ್ಡ್ ಡ್ಯಾಮಿನ ಗೋಡೆಗೆ ಹಣೆ ಚಚ್ಚಿಕೊಳ್ಳುವುದು ಮೇಲು.

ಒಂದೇ ಥರದ ದದ್ದು, ಒಂದೇ ಥರದ ಮಾತ್ರೆ. ಏಪ್ರಿಲ್‌ನಲ್ಲಾದರೆ ಮಾರಮ್ಮ, ಜೂನ್‌ನಲ್ಲಾದರೆ ಉಷ್ಣ! ನಿರಂಜನನ ಕೈಯಲ್ಲಿ ಎರಡೂ ಮಾತ್ರೆಯ ಫೋಟೊ ತರಿಸಿಕೊಂಡೆ. ಕಂಪನಿ ಬೇರೆ, ಬಣ್ಣ ಬೇರೆ, ಒಳಗಿರುವ ಔಷಧ ಒಂದೇ. ಮಗುವಿನ ಕೆಮ್ಮಿಗೆ ಇಲ್ಲಿಯ ಡಾಕ್ಟರ್ ಹತ್ತಿರ ಹೋದಾಗ ಅದನ್ನು ತೋರಿಸಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಇದು ಪೆನಿಸಿಲಿನ್ ಬಳಗದ ಔಷಧವಂತೆ. ಕೆಲವರ ಮೈ ಅದನ್ನು ಶತ್ರು ಅಂತ ತಿಳಿದುಕೊಳ್ಳುತ್ತದಂತೆ. ನಿನಗೆ ಮೊದಲ ಸಲ ದಿನಗಟ್ಟಲೆ ತಡವಾಗಿ ಎದ್ದದ್ದು ಎರಡನೇ ಸಲ ಸಂಜೆಯೊಳಗೇ ಎದ್ದಿದೆ, ತುಟಿಯೂ ಊದಿದೆ. ಮುಂದಿನ ಸಲ ಗಂಟಲು ಊದಿ ಉಸಿರು ಕಟ್ಟಬಹುದು, ಬಿಪಿ ಬಿದ್ದು ಹೋಗಬಹುದು. ಇಂಜೆಕ್ಷನ್ ಆದರೆ ನಿಮಿಷಗಳ ಮಾತು. “ಆಗೇ ಆಗುತ್ತೆ ಅಂತಲ್ಲಮ್ಮ, ಆದರೆ ಜೂಜಾಡಬಾರದು. ಮೊದಲೇ ಗೊತ್ತಾದರೆ ಬೇರೆ ಔಷಧ ಹಾಕ್ತಾರೆ, ಮುಗೀತು” ಅಂದರು.

ಮುಗೀತು ಅಂದರು ಅವ್ವ. ಒಂದು ಮಾತಿನಲ್ಲಿ ಮುಗಿಯುವ ಕೆಲಸ. ಆ ಒಂದು ಮಾತಿಗೆ ನಿನ್ನ ಬಾಯಲ್ಲಿ ಬೀಗ.

ನನಗೆ ಕಾರಣ ಗೊತ್ತು. ಏಪ್ರಿಲ್‌ನಲ್ಲಿ ಬೀದಿಯ ಹೆಂಗಸರು ಬಂದು ಹೊಸಿಲಿನ ಆಚೆಯಿಂದ ನಿನಗೆ ಅಡ್ಡಬಿದ್ದರಲ್ಲ, ಆ ಸುಖ ಬಿಟ್ಟುಕೊಡಲು ನಿನಗೆ ಮನಸ್ಸಿಲ್ಲ. ದೇವಿ ಬಂದ ಮೈ ಅನ್ನಿಸಿಕೊಂಡವಳಿಗೆ ಈಗ ಅಲರ್ಜಿ ಮೈ ಅನ್ನಿಸಿಕೊಳ್ಳಲು ಮರ್ಯಾದೆ ಕಡಿಮೆ.

ಇನ್ನೊಂದು ಹೇಳುತ್ತೇನೆ, ಸಿಟ್ಟಾದರೆ ಆಗು. ಮೂರು ವರ್ಷದಿಂದ ತೇನ್ಮೊಳಿ ಕೈಯಿಂದ ಒಂದು ಲೋಟ ನೀರು ಕುಡಿಯದವಳು ನೀನು. ಅಂಗಡಿಯವನು ಯಾವ ಡಬ್ಬಿಯಿಂದಲೋ ಕತ್ತರಿಸಿ ಕೊಟ್ಟ ಮಾತ್ರೆಯನ್ನು ಅವನ ಕುಲ ಗೋತ್ರ ಕೇಳದೆ ನುಂಗಿಬಿಟ್ಟೆ!

ನೀನು ಹೇಳದಿದ್ದರೆ ಗುರುಮಲ್ಲಪ್ಪ ದೊಡ್ಡಪ್ಪನಿಗೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಅವರ ಮಾತಾದರೂ ಕೇಳುತ್ತೀಯಲ್ಲ.

ರೂಪಶ್ರೀ


ಮಸಿನಗುಡಿ
15 ಜೂನ್ 2024

ರೂಪಶ್ರೀಗೆ,

ನಿನ್ನ ಬೈಗುಳವೆಲ್ಲ ಮುಟ್ಟಿತು. ದೊಡ್ಡಪ್ಪನಿಗೆ ಮಾತ್ರ ಹೇಳಬೇಡ. ಮಾತ್ರೆ ಅನ್ನುವ ಶಬ್ದ ಅವರ ಕಿವಿಗೆ ಬಿದ್ದರೆ ನನ್ನ ಮೇಲಾಣೆ.

ಅವ್ವ


ಎಮರಾಲ್ಡ್
17 ಜೂನ್ 2024

ಅವ್ವ,

ಒಂದು ಕಾರ್ಡು, ಮೂರು ಸಾಲು. ನಾನು ಕೇಳಿದ್ದಕ್ಕೆ ಒಂದಕ್ಕೂ ಉತ್ತರ ಇಲ್ಲ.

ನಿನ್ನ ಪ್ರಾಣಕ್ಕಿಂತ ಆ ಮುದುಕರ ಭಯ ಹೆಚ್ಚಾಯಿತೇ? ನಿನ್ನ ಮೈಮೇಲೆ ದದ್ದು ಎದ್ದರೆ ಅವರಿಗೇನು ನಷ್ಟ? ಎಷ್ಟು ಯೋಚಿಸಿದರೂ ತಲೆಗೆ ಹತ್ತುತ್ತಿಲ್ಲ. ಆಣೆ ಬೇರೆ ಹಾಕಿದ್ದೀಯ, ಅದಕ್ಕೆ ಅವರಿಗೆ ಫೋನ್ ಮಾಡಿಲ್ಲ. ಊಟಿ ಆಸ್ಪತ್ರೆಗೆ ಮಾಡಿದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರು, ಅವರು ಮತ್ತೊಬ್ಬರಿಗೆ. ಕೊನೆಗೊಬ್ಬಳು “ಪೇಷಂಟ್ ವರುಂಬೋದು ಸೊಲ್ಲ ಸೊಲ್ಲುಂಗ” ಅಂತ ಇಟ್ಟುಬಿಟ್ಟಳು. ಪೇಷಂಟ್ ಬಂದಾಗ ಹೇಳಬೇಕಂತೆ. ಪೇಷಂಟ್ ಬಾಯಿ ಬಿಟ್ಟರೆ ತಾನೇ?

ನಿರಂಜನನಿಗೆ ಹೇಳಿದರೆ “ಅವ್ವನ ಇಷ್ಟ ಕನಕ್ಕ” ಅನ್ನುತ್ತಾನೆ. ತೇನ್ಮೊಳಿಗೆ ಫೋನ್ ಮಾಡಿದೆ. “ಅಕ್ಕಾ, ನನ್ನ ಕೇಳಬೇಡಿ” ಅಂತ ಅಳಲು ಶುರು ಮಾಡಿದಳು. ಆ ಮನೆಯಲ್ಲಿ ಏನು ನಡೆಯುತ್ತಿದೆ? ಅವಳ ಬಾಯಿಯನ್ನೂ ನೀನೇ ಹೊಲಿದೆಯಾ? ಬರೆ. ಈ ಸಲವಾದರೂ ನಿಜ ಬರೆ.

ರೂಪಶ್ರೀ


ಮಸಿನಗುಡಿ
20 ಜೂನ್ 2024

ರೂಪಶ್ರೀ,

ಬರೆಯುತ್ತೇನೆ. ಓದಿ ಯಾರಿಗೂ ಹೇಳಬೇಡ.

ಏಪ್ರಿಲ್‌ನಲ್ಲಿ ಒಳಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಬಿದ್ದಿದ್ದೆ. ಮೈಯೆಲ್ಲ ಕೆಂಡ, ಕೆರೆತ. ಎದ್ದು ನನ್ನ ಒಲೆ ಹಚ್ಚಲು ಕೈಲಾಗಲಿಲ್ಲ. ನಿರಂಜನ್ ಜೀಪಿಗೆ ಹೋಗಿದ್ದ. ತೇನ್ಮೊಳಿ ಗಂಜಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನಾನು ಗೋಡೆ ಕಡೆ ತಿರುಗಿದೆ. ಆಗ ಅವಳು ಏನಂದಳು ಗೊತ್ತಾ?

“ಅತ್ತೆ, ನೀವು ಕುಡೀಬೇಡಿ. ಮಾರಿಯಾತ್ತಾ ಕುಡೀಲಿ. ನಾನು ಅವಳಿಗೆ ತಾನೇ ಕೊಡ್ತಿದೀನಿ.”

ನಾನು ಬಾಯಿ ತೆರೆದೆ ಕಣೆ. ಹಸಿವಾಗಿತ್ತು. ಅವಳು ಚಮಚದಲ್ಲಿ ಕುಡಿಸಿದಳು. ಬೇವಿನ ನೀರಲ್ಲಿ ಮೈ ಒರೆಸಿದಳು. ಕೆರೆದುಕೊಳ್ಳಬಾರದು ಅಂತ ಪಕ್ಕದಲ್ಲೇ ಕೂತು ಬೇವಿನ ಎಲೆಯಿಂದ ಸವರುತ್ತಿದ್ದಳು. ನೀನು ಮಗಳು, ನೀನು ಬರಲಿಲ್ಲ. ತಪ್ಪು ಹೊರಿಸುತ್ತಿಲ್ಲ, ಇದ್ದದ್ದು ಹೇಳಿದೆ.

ದೊಡ್ಡಪ್ಪ ನನ್ನನ್ನು ನೋಡಲು ಬಂದು ಹೊಸಿಲ ಆಚೆ ನಿಂತಿದ್ದಾಗ ಅವಳು ಉಣಿಸುತ್ತಿದ್ದಳು. ಅವರ ಮುಖ ಕಪ್ಪಿಟ್ಟಿತು. ಅವರು ಬಾಯಿ ತೆರೆಯುವ ಮೊದಲು ನಾನೇ “ಭಾವ, ಉಣ್ತಿರೋದು ನಾನಲ್ಲ” ಅಂದೆ. ಅವರು ಕೈ ಮುಗಿದುಬಿಟ್ಟರು. ಊರಿಗೆ ಹೋಗಿ ನೆಂಟರಿಗೆಲ್ಲ ಹೇಳಿದರು, ದೇವಿಯೇ ಆ ಹುಡುಗಿಯನ್ನು ಒಪ್ಪಿಕೊಂಡಳು ಅಂತ. ಮೇ ತಿಂಗಳಲ್ಲಿ ಅವರ ಮೊಮ್ಮಗುವಿನ ನಾಮಕರಣಕ್ಕೆ ತೇನ್ಮೊಳಿಯನ್ನು ಹೆಸರು ಹಿಡಿದು ಕರೆದರು. ಎಲ್ಲರ ಪಂಕ್ತಿಯಲ್ಲಿ ಕೂರಿಸಿದರು. ಅವಳು ಮನೆಗೆ ಬಂದು ಸೀರೆ ಬಿಚ್ಚದೆ ಕೂತು ಅತ್ತಳು. ನಮ್ಮ ಮನೆಯಲ್ಲಿ ಈಗ ಒಂದೇ ಒಲೆ. ನಿನಗೆ ಹೇಳಲಿಲ್ಲ, ನಿರಂಜನನಿಗೂ ಹೇಳಬೇಡ ಅಂದಿದ್ದೆ, ಯಾಕೆಂದರೆ ನೀನು ಗೆದ್ದೆ ಅಂತ ಕುಣಿಯುತ್ತೀಯ.

ಜೂನ್‌ನಲ್ಲಿ ತುಟಿ ಊದಿದ ಸಂಜೆಯೇ ನನಗೆ ಅರ್ಥವಾಯಿತು. ನಾನೇನು ದಡ್ಡಿಯಲ್ಲ. ತೇನ್ಮೊಳಿಗೂ ಆಯಿತು. ಅವಳು ಆಸ್ಪತ್ರೆಗೆ ಹೋಗೋಣ ಅಂತ ಕುಣಿದಳು. ಬಾಯಿ ಬಿಟ್ಟರೆ ನಿರಂಜನನ ಮೇಲಾಣೆ ಅಂದೆ.

ಈಗ ಹೇಳು. ಮಾತ್ರೆ ಅಂದರೆ ಮಾರಮ್ಮ ಬರಲಿಲ್ಲ. ಮಾರಮ್ಮ ಬರಲಿಲ್ಲ ಅಂದರೆ ಅವಳನ್ನು ಆ ಪಂಕ್ತಿಯಿಂದ ಎಬ್ಬಿಸುತ್ತಾರೆ. ಒಂದು ದದ್ದಿಗಾಗಿ ಆ ಹುಡುಗಿಯನ್ನು ಮತ್ತೆ ಹೊರಗೆ ನಿಲ್ಲಿಸಲೇ? ಮಾತ್ರೆ ಬೇರೆ, ಸೂಜಿ ಬೇರೆ. ಏನೂ ಆಗಲಿಕ್ಕಿಲ್ಲ.

ಅವ್ವ


ಎಮರಾಲ್ಡ್
22 ಜೂನ್ 2024

ಅವ್ವ,

ಅಂಚೆಗೆ ಹಾಕಿದರೆ ಸಿಗುವುದಿಲ್ಲ ಅಂತ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಊಟಿ ಸ್ಟ್ಯಾಂಡಿನಲ್ಲಿ ಮಸಿನಗುಡಿ ಬಸ್ಸಿಗೆ ದಾಟಿಸುತ್ತಾರೆ.

ನಿನ್ನ ಕಾಗದ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಮತ್ತೆ ಅತ್ತೆ. ನಾನು ಕುಣಿಯುತ್ತಿಲ್ಲ ಅವ್ವ. ಕೆನ್ನೆಗೆ ಹೊಡೆದ ಹಾಗಾಗಿದೆ. ಒಂದೇ ಒಲೆಯಾದ ಮನೆಗೆ ಬರದೆ ಇಷ್ಟು ದಿನ ಇಲ್ಲಿ ಕೂತು ಹಟ ಮಾಡಿದೆನಲ್ಲ.

ಆದರೆ ಸೂಜಿ ಬೇರೆ ಅಲ್ಲ. ಅದೇ ಬಳಗ, ಇನ್ನೂ ಜೋರು. ನಿನಗೆ ಏನಾದರೂ ಆದರೆ ಬಾಯಿ ಮುಚ್ಚಿಕೊಂಡು ನಿಂತವಳು ಅನ್ನುವುದನ್ನು ತೇನ್ಮೊಳಿ ಸಾಯುವವರೆಗೂ ಹೊರಬೇಕು. ಪಂಕ್ತಿಯಲ್ಲಿ ಕೂತು ಅವಳಿಗೆ ತುತ್ತು ಇಳಿಯುತ್ತದಾ? ಅದನ್ನು ಯೋಚಿಸಿದೆಯಾ?

ದೊಡ್ಡಪ್ಪನಿಗೆ ಹೇಳಬೇಡ ಬಿಡು. ಡಾಕ್ಟರ್ ಕಿವಿಯಲ್ಲಿ ಹೇಳು. ಸೋಮವಾರ ಮೊದಲ ಬಸ್ಸಿಗೆ ಹೊರಟು ನಾನೂ ಬರುತ್ತೇನೆ. ನಾನು ಬರುವವರೆಗೆ ಯಾರಿಗೂ ಕೈ ಚಾಚಬೇಡ.

ರೂಪಶ್ರೀ


ಊಟಿ, ಆಸ್ಪತ್ರೆ
25 ಜೂನ್ 2024

ರೂಪಶ್ರೀ,

ಬದುಕಿದ್ದೇನೆ. ಆಪರೇಷನ್ ಇನ್ನೂ ಆಗಿಲ್ಲ. ಗಾಳಿಗೆ ಎಮರಾಲ್ಡ್ ರಸ್ತೆಗೆ ಮರಗಳು ಬಿದ್ದು ಬಸ್ಸೇ ಹೊರಡಲಿಲ್ಲ ಅಂತ ಇಲ್ಲಿಯ ಸ್ಟ್ಯಾಂಡಿನಲ್ಲಿ ನಿರಂಜನ್ ಕೇಳಿಕೊಂಡು ಬಂದ. ನಿನ್ನ ಫೋನೂ ಸತ್ತಿತ್ತು. ಇವತ್ತು ಲೈನ್ ಸಿಕ್ಕಿ ಅವನು ಏನೋ ಅರ್ಧಂಬರ್ಧ ಹೇಳಿದನಂತೆ. ಅವನು ಹೇಳಿದರೆ ನಿನಗೆ ಏನು ತಿಳಿಯುತ್ತದೆ? ನಾನೇ ಬರೆಯುತ್ತಿದ್ದೇನೆ.

ನೀನು ಹೇಳಿದ ಹಾಗೆ ಡಾಕ್ಟರ್ ಕಿವಿಯಲ್ಲಿ ಹೇಳೋಣ ಅಂತಲೇ ಇದ್ದೆ. ನಿನ್ನ ದೊಡ್ಡಪ್ಪ ಬಿಡಬೇಕಲ್ಲ! ಬೆಳಗ್ಗೆಯೇ ಬಂದು ವಿಭೂತಿ ಹಚ್ಚಿ ಕಾಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತವರು, ಕಾಫಿಗೂ ಏಳಲಿಲ್ಲ. ನಾನು “ಹೋಗಿ ಭಾವ, ಚಳಿ ಅದೆ, ಒಂದ್ ಬಿಸಿ ಕಾಪಿ ಕುಡ್ದ್ ಬನ್ನಿ” ಅಂತ ಎಷ್ಟು ಹೇಳಿದೆ. “ನಿನ್ನ ಬುಟ್ಟು ಹೋದನಾ ಕನವ್ವ?” ಅಂತ ಇನ್ನೂ ಹತ್ತಿರಕ್ಕೆ ಎಳೆದುಕೊಂಡರು.

ಡಾಕ್ಟರಮ್ಮ ಬಂದಳು. ಚಿಕ್ಕ ಹುಡುಗಿ, ನಿನಗಿಂತ ಚಿಕ್ಕವಳು. “ಎಂದ ಮಾತ್ತಿರೈಯಾವದು ಒತ್ತುಕಾದಾ ಪಾಟಿ?” ಅಂದಳು. ಯಾವುದಾದರೂ ಮಾತ್ರೆ ಆಗುವುದಿಲ್ಲವಾ ಅಂತ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ನಿನ್ನ ದೊಡ್ಡಪ್ಪನೇ ಮುಂದೆ ಬಿದ್ದರು. “ಅಂಗೇನಿಲ್ಲ ತಾಯಿ. ಒಂದ್ಸಲ ದೇವಿ ಬಂದಿದ್ಲು, ಅಷ್ಟೆಯ.” ಅವಳಿಗೆ ಕನ್ನಡ ತಿಳಿಯಲಿಲ್ಲ. ತಲೆಯಾಡಿಸಿ ಪಕ್ಕದ ಮಂಚಕ್ಕೆ ಹೋದಳು.

ನಾನು ಭಾವನ ಮುಖವನ್ನೇ ನೋಡುತ್ತ ಮಲಗಿದ್ದೆ. ನರ್ಸು ಬಂದು ಕೈಗೆ ಸೂಜಿ ಕೂರಿಸಿದಳು. ಅದರೊಳಗೆ ಬಿಡಬೇಕಾದ ಔಷಧವನ್ನು ಟ್ರೇಯಲ್ಲಿ ತುಂಬಿಟ್ಟುಕೊಂಡಿದ್ದಳು. ತೇನ್ಮೊಳಿ ಗೋಡೆಗೆ ಒರಗಿ ನಿಂತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳ ಗಂಡನ ಮೇಲೆ ಆಣೆ ಹಾಕಿದವಳು ನಾನು, ಅವಳು ಹೇಗೆ ಬಾಯಿ ಬಿಟ್ಟಾಳು? ಆ ಮುಖ ನೋಡಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅವಳನ್ನು ಉಳಿಸುತ್ತೇನೆ ಅಂತ ಹೊರಟು ಅವಳ ಕಣ್ಣ ಮುಂದೆಯೇ ಸಾಯಲು ಮಲಗಿದ್ದೇನಲ್ಲ ಅನ್ನಿಸಿತು.

“ನಿಲ್ಸವ್ವ!” ಅಂತ ಕೂಗಿಕೊಂಡೆ. ಇಡೀ ವಾರ್ಡು ತಿರುಗಿತು. ಕೈ ಎಳೆದುಕೊಂಡ ರಭಸಕ್ಕೆ ಟ್ರೇ ಬಿತ್ತು. “ಒತ್ತುಕಾದು! ಎರಡು ಸಲ ಮೈಯೆಲ್ಲ ಎದ್ದದೆ, ತುಟಿ ಊದದೆ, ಪೆನಿಸಿಲಿನ್!” ಅಂದೆ. ನೀನು ಬರೆದ ಆ ಹೆಸರು ಬಾಯಲ್ಲಿ ಹೇಗೋ ಬಂತು. ತೇನ್ಮೊಳಿ ಓಡಿ ಬಂದು ತಮಿಳಿನಲ್ಲಿ ಗಡಗಡ ಎಲ್ಲ ಹೇಳಿದಳು, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ.

ಡಾಕ್ಟರಮ್ಮ ಹಾಗೇ ಮಂಚದ ಅಂಚಿಗೆ ಕೂತುಬಿಟ್ಟಳು. ಆಮೇಲೆ ಬೈದಳು ನೋಡು, ನಿನ್ನ ಕಾಗದಗಳೆಲ್ಲ ಅದರ ಮುಂದೆ ಏನೂ ಅಲ್ಲ. ಆವತ್ತಿನ ಆಪರೇಷನ್ ನಿಲ್ಲಿಸಿದರು. ಬೇರೆ ಔಷಧ ನೋಡಿಕೊಂಡು ಗುರುವಾರ ಮಾಡುತ್ತಾರಂತೆ. ಅಲ್ಲಿಯವರೆಗೆ ಈ ಚಳಿಯಲ್ಲಿ ಫಿನಾಯಿಲ್ ವಾಸನೆ ಕುಡಿಯುತ್ತ ಬಿದ್ದಿರಬೇಕು. ಎಲ್ಲ ನಿನ್ನಿಂದ.

ನಿನ್ನ ದೊಡ್ಡಪ್ಪ ಸ್ಟೂಲಿನಿಂದ ಎದ್ದು ನಿಂತಿದ್ದರು.

“ಮಾತ್ರೇಲಿ ಎದ್ದದ್ದಾ ಅದು?” ಅಂದರು.

“ಊ ಭಾವ.”

“ಅಂಗಾರೆ ಅವತ್ತು ಅವ್ಳ ಕೈಲಿ ಉಂಡದ್ದು ದೇವಿ ಅಲ್ವಾ?”

ವಾರ್ಡಿನಲ್ಲಿ ಎಲ್ಲರೂ ನೋಡುತ್ತಿದ್ದರು. ತೇನ್ಮೊಳಿ ನೆಲ ನೋಡುತ್ತಿದ್ದಳು. ದೇವಿ ನನ್ನೊಳಗೂ ಇದ್ದಳು, ಮಾತ್ರೆಯೂ ಇತ್ತು ಅಂತ ಏನಾದರೂ ಹೊಂದಿಸಿ ಹೇಳಬಹುದಿತ್ತು. ನನಗೆ ಸಾಕಾಗಿ ಹೋಗಿತ್ತು ರೂಪಶ್ರೀ. ಸುಳ್ಳಿಗೆ ಸುಳ್ಳು ಕಟ್ಟಿ ಕಟ್ಟಿ ಸಾಕಾಗಿತ್ತು.

“ಅಲ್ಲ ಭಾವ. ಹಸಿವಾಗಿತ್ತು, ನಾನೇ ಉಂಡೆ. ನಾಳೇನೂ ನಾನೇ ಉಣ್ಣೋದು” ಅಂದೆ.

ಅವರು ಕೊಡೆ ತೆಗೆದುಕೊಂಡು ಹೋದರು. ನಿರಂಜನ್ ಹಿಂದೆ ಓಡಿದ. ನಮ್ಮ ಮನೆಗೆ ಇನ್ನು ಬರುವುದಿಲ್ಲ, ಅವರ ಮನೆಯ ಯಾವ ಕಾರ್ಯಕ್ಕೂ ನಮ್ಮನ್ನು ಕರೆಯುವುದಿಲ್ಲ ಅಂದರಂತೆ. ಇನ್ನು ಗುಂಡ್ಲುಪೇಟೆಯ ನೆಂಟರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ನನಗೆ ದುಃಖ ಇಲ್ಲ ಅಂದರೆ ಅದೂ ಸುಳ್ಳು. ಹುಟ್ಟಿ ಬೆಳೆದ ಊರು ಅದು. ನಿನ್ನೆ ಸಂಜೆಯೆಲ್ಲ ತೇನ್ಮೊಳಿ “ನನ್ನಿಂದ ಆಯ್ತು ಅತ್ತೆ” ಅಂತ ಮೂಗು ಒರೆಸುತ್ತಿದ್ದಳು. ಬಾಯಿ ಮುಚ್ಚು ಅಂತ ಗದರಿದೆ.

ರಸ್ತೆ ಬಿಟ್ಟ ಕೂಡಲೇ ಬಾ. ಸ್ವೆಟರ್ ತಾ.

ಇವತ್ತು ಮಧ್ಯಾಹ್ನ ಅವಳು ಯಾರದೋ ಸ್ಟೌವಿನಲ್ಲಿ ಗಂಜಿ ಕಾಯಿಸಿಕೊಂಡು ಬಂದಳು. ಇಷ್ಟು ದಿನ ಅವಳು ಏನು ತಂದರೂ ಮಾತಾಡದೆ ಉಂಡಿದ್ದೆ, ದೇವಿ ಉಂಡ ಕೈ ತಾನೇ, ದೂರುವ ಹಾಗಿರಲಿಲ್ಲ. ಇವತ್ತು ಒಂದು ಚಮಚ ಬಾಯಿಗಿಟ್ಟುಕೊಂಡು ಹೇಳಿದೆ, “ಏನೇ ಇದು, ಉಪ್ಪು ಸುರಿದಿದ್ದೀಯ? ಯಾರ್ ಕಲ್ಸಿದ್ರು ನಿಂಗೆ ಅಡುಗೆ?”

ಅವಳು ಗಾಬರಿಯಿಂದ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು, ಅಳುತ್ತಲೇ ನಕ್ಕಳು. ನಾನು ಇನ್ನೊಂದು ಚಮಚಕ್ಕೆ ಬಾಯಿ ತೆರೆದೆ.

ಅವ್ವ